ಐದು ತಿಂಗಳ ನಾಯಿಮರಿಯ ಮುಂಗಾಲು ಸೊಟ್ಟಗಾಗುತ್ತಿದೆ. ಆಪರೇಷನ್ ಬೇಕಾ, ತಾನೇ ಸರಿಹೋಗುತ್ತದಾ?

ಎರಡು ತಿಂಗಳ ಹಿಂದೆ ಕಾರವಾರದಲ್ಲಿ ಮರಿಗೆ ಬೈಕ್ ತಾಗಿತ್ತು, ನಾಲ್ಕು ದಿನ ಕುಂಟಿ ಸರಿಯಾಯಿತು, ಈಗ ಪಾದ ಹೊರಗೆ ತಿರುಗುತ್ತಿದೆ ಅಂತ ಬರೆದಿದ್ದೀರಿ. ಓದಿ ಎದೆ ಝಲ್ಲೆಂದಿತು. ನಮ್ಮ ನಾಯಿ ಕೆಂಚನಿಗೂ ಹೀಗೇ ಶುರುವಾಗಿದ್ದು. ದಯವಿಟ್ಟು ಈ ವಾರವೇ ಎಕ್ಸ್-ರೇ ತೆಗೆಸಿ. ಎರಡೂ ಮುಂಗಾಲಿನದ್ದು ಬೇಕು, ಮೊಣಕೈ ಸೇರಿಸಿ. ಸರಿಯಿರುವ ಕಾಲಿನ ಜೊತೆ ಹೋಲಿಸಿದರೇನೇ ವ್ಯತ್ಯಾಸ ಗೊತ್ತಾಗುವುದು.

ನಾಯಿಯ ಮುಂಗಾಲಲ್ಲಿ ರೇಡಿಯಸ್, ಅಲ್ನಾ ಅಂತ ಎರಡು ಎಲುಬು ಜೊತೆಜೊತೆಗೆ ಬೆಳೆಯುತ್ತವೆ. ಅಲ್ನಾದ ಉದ್ದದಲ್ಲಿ ನೂರಕ್ಕೆ ಸುಮಾರು 85 ಪಾಲು ಬರುವುದು ಮಣಿಕಟ್ಟಿನ ಹತ್ತಿರದ ಗ್ರೋತ್ ಪ್ಲೇಟಿನಿಂದ, ಅಂದರೆ ಎಲುಬು ಬೆಳೆಯುವ ಮೆದು ಪದರದಿಂದ. ಅದರ ಆಕಾರ ಆಲಿಕೆಯ ಹಾಗೆ. ಹಾಗಾಗಿ ಪೆಟ್ಟು ಬಿದ್ದರೆ ಪಕ್ಕಕ್ಕೆ ಜಾರದೆ ಒಳಗೇ ಜಜ್ಜಿಹೋಗುತ್ತದೆ. ಆ ದಿನದ ಎಕ್ಸ್-ರೇಯಲ್ಲಿ ಏನೂ ಕಾಣದಿರಬಹುದು. ಆಮೇಲೆ ಅಲ್ನಾ ಬೆಳೆಯುವುದನ್ನು ನಿಲ್ಲಿಸುತ್ತದೆ, ರೇಡಿಯಸ್ ಬೆಳೆಯುತ್ತಲೇ ಇರುತ್ತದೆ. ಹೆದೆ ಬಿಗಿದ ಬಿಲ್ಲು ನೋಡಿದ್ದೀರಲ್ವಾ, ಹಾಗೆ ಬಾಗುತ್ತದೆ. ಮೊಣಕೈ ಕೀಲೂ ನಿಧಾನಕ್ಕೆ ಜಾಗ ತಪ್ಪುತ್ತದೆ. ಇದು ತಾನಾಗಿ ಸರಿಹೋಗುವುದಿಲ್ಲ. ಬಿದಿರು ಪಟ್ಟಿ ಕಟ್ಟಿದರೆ, ಎಣ್ಣೆ ಹಚ್ಚಿ ಎಳೆದರೆ ಹುಣ್ಣಾಗುತ್ತದೆ ಅಷ್ಟೇ.

ನಿಮ್ಮ ಮರಿಗೆ ಇನ್ನೂ ಬೆಳೆಯುವ ವಯಸ್ಸಿದೆ. ಈಗಲಾದರೆ ಅಲ್ನಾದ ಒಂದು ತುಂಡು ತೆಗೆದು, ಆ ಸಂದಿಯಲ್ಲಿ ಮರಿಯ ಮೈಯದೇ ಕೊಬ್ಬು ಇಡುತ್ತಾರೆ. ಎಲುಬು ಬೇಗ ಕೂಡಿಕೊಳ್ಳಬಾರದು ಅಂತ. ಹೆದೆ ಕತ್ತರಿಸಿದ ಹಾಗೆ. ರೇಡಿಯಸ್‌ಗೆ ಬಿಡುಗಡೆ ಸಿಕ್ಕಿ, ಬಾಗು ಸ್ವಲ್ಪ ಕಡಿಮೆಯೂ ಆಗಬಹುದು. ಬೆಳವಣಿಗೆ ಮುಗಿದರೆ ರೇಡಿಯಸ್ಸನ್ನೇ ಕತ್ತರಿಸಿ, ನೆಟ್ಟಗೆ ತಿರುಗಿಸಿ, ಪ್ಲೇಟ್ ಹಾಕಬೇಕು ಅಥವಾ ಹೊರಗಿನಿಂದ ಪಿನ್ನಿನ ಚೌಕಟ್ಟು ಕೂರಿಸಬೇಕು.

ಕೆಂಚನಿಗೆ ಎರಡನೆಯದೇ ಆಯಿತು. ನಾಲ್ಕು ತಿಂಗಳಿದ್ದಾಗ ಶಿರಸಿ ಮನೆಯ ಮೆತ್ತಿನ ಏಣಿಯಿಂದ ಬಿದ್ದಿದ್ದ. ಮೊದಲು ನೋಡಿದವರು ಉಳುಕು ಅಂದರು, ನಾನೂ ನಂಬಿ ಸುಮ್ನೆ ಇದ್ದೆ. ಆಪರೇಷನ್ ಆಗುವಾಗ ಹತ್ತು ತಿಂಗಳಾಗಿತ್ತು. ಅದೂ ಮಳೆಗಾಲ. ಎರಡು ತಿಂಗಳು ದಿನಾ ಪಿನ್ ಸುತ್ತ ಒರೆಸಿ ಒಣಗಿಸುವುದು, ಉಂಬಳ ಹತ್ತಿದೆಯಾ ಅಂತ ನೋಡುವುದು. ಈಗ ಅವನಿಗೆ ಆರು ವರ್ಷ. ತೋಟದಲ್ಲಿ ಓಡುತ್ತಾನೆ. ಆದರೆ ಮೊಣಕೈ ಅಷ್ಟರಲ್ಲೇ ಸವೆದಿತ್ತು, ಚಳಿಗಾಲದ ಬೆಳಗ್ಗೆ ಎದ್ದಾಗ ಕುಂಟುತ್ತಾನೆ. ನೋಡಿದಾಗಲೆಲ್ಲ ನನಗೆ ಸಂಕಟ.

ಒಂದು ವಿಷಯ ಡಾಕ್ಟರಿಗೆ ಮರೆಯದೆ ಹೇಳಿ: ಮರಿಗೆ ಏನು ಊಟ ಹಾಕುತ್ತಿದ್ದೀರಿ ಅಂತ. ಬರೀ ಅನ್ನ, ಮುಳ್ಳು ತೆಗೆದ ಮೀನು ತಿಂದು ಬೆಳೆದ ಮರಿಗೆ ಕ್ಯಾಲ್ಸಿಯಂ ಸಾಲದೆಯೂ ಕಾಲು ಬಾಗುತ್ತದೆ. ಆಗ ಸಾಮಾನ್ಯವಾಗಿ ಎರಡೂ ಕಾಲು ಬಾಗಿರುತ್ತವೆ, ಮೊದಲು ಊಟ ಸರಿಮಾಡಬೇಕು. ಹಾಗಂತ ನೀವೇ ಕ್ಯಾಲ್ಸಿಯಂ ಮಾತ್ರೆ ಕೊಡಬೇಡಿ. ದೊಡ್ಡ ತಳಿಯ ಮರಿಗೆ ಅದು ಜಾಸ್ತಿಯಾದರೂ ಎಲುಬು ಕೆಡುತ್ತದೆ.

ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಎಲುಬಿನ ಆಪರೇಷನ್ ಮಾಡುತ್ತಾರಾ, ಯಾವ ದಿನ ಬರಬೇಕು ಅಂತ ಮೊದಲು ಫೋನ್ ಮಾಡಿ ಕೇಳಿ. ನಿಮಗೆ ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ ಸಾಗರದ ಮೇಲೆ ದಾರಿ. ತಿರುವು ಜಾಸ್ತಿ, ಮರಿ ವಾಂತಿ ಮಾಡಬಹುದು. ಹಿಂದಿನ ಸೀಟಲ್ಲಿ ಹಳೇ ಕಂಬಳಿ ಹಾಸಿ, ಯಾರಾದರೂ ಹಿಡಿದುಕೊಂಡು ಕೂತಿರಿ. ಅಲ್ಲಿಯವರೆಗೆ ಮೆಟ್ಟಿಲು ಹತ್ತಿಸಬೇಡಿ, ಹಾರಲು ಬಿಡಬೇಡಿ.