ಬೋಳಾದ ಸೊಪ್ಪಿನ ಬೆಟ್ಟ: ಗಿಡ ನೆಡಬೇಕೇ, ಬಿಡಬೇಕೇ?

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲ್ಲೂಕು. ಅಡಿಕೆ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು, ದರಕು ತರುವ ಕಾಡು) ಎರಡು ಎಕರೆಯಷ್ಟು ಬೋಳಾಗಿ ಲಂಟಾನ ತುಂಬಿದೆ. ‘ಬೇಲಿ ಹಾಕಿ ಬಿಡು, ಕಾಡು ತಾನೇ ಏಳುತ್ತದೆ’ ಎನ್ನುತ್ತಾರೆ ಅಪ್ಪ. ಈ ಮಳೆಗಾಲದಲ್ಲೇ ಸಾವಿರ ಗಿಡ ನೆಡಬೇಕೆಂದು ನನಗೆ ಆಸೆ. ಯಾವುದು ಸರಿ?

ಉತ್ತರ: ಗುಂಡಿ ತೋಡುವ ಮೊದಲು ಲಂಟಾನದ ಮೆಳೆಯೊಳಗೆ ಬಗ್ಗಿ ನೋಡಿ. ನೇರಳೆ, ಸಲ್ಲೆ, ಹೊಳಗೇರಿನ ಸಸಿಗಳು ಇವೆಯೇ? ಕಡಿದ ಹಳೆಯ ಬುಡಗಳು ಚಿಗುರುತ್ತಿವೆಯೇ? ಇದ್ದರೆ ಅಪ್ಪನ ಮಾತು ಮುಕ್ಕಾಲು ಪಾಲು ಸರಿ. ಬೆಂಕಿ ಬೀಳದಂತೆ, ದನ ನುಗ್ಗದಂತೆ ನೋಡಿಕೊಳ್ಳಿ. ಕೆಲವು ವರ್ಷ ಆ ಜಾಗದಲ್ಲಿ ಸೊಪ್ಪು ಕಡಿಯಬೇಡಿ, ದರಕು (ಉದುರಿದ ಒಣ ಎಲೆ) ಗುಡಿಸಬೇಡಿ. ದರಕಿನ ಜತೆಗೆ ಬೀಜವೂ ಎಳೆಯ ಸಸಿಯೂ ಕೊಟ್ಟಿಗೆಗೆ ಹೋಗುತ್ತವೆ. ಎಷ್ಟೋ ಬೆಟ್ಟಗಳು ಮೇಲೇಳದಿರಲು ಇದೇ ಕಾರಣ ಎಂಬುದು ನನ್ನ ಅಭಿಪ್ರಾಯ. ಲಂಟಾನವನ್ನು ಒಂದೇ ಬಾರಿಗೆ ಬೋಳಿಸದೆ, ಸಸಿಗಳ ಸುತ್ತಲಿನದನ್ನು ಮೊದಲು ತೆಗೆಯಿರಿ. ಮೇಲೆ ಸವರಿದರೆ ಮತ್ತೆ ಚಿಗುರುತ್ತದೆ. ಮಣ್ಣಿನೊಳಗೆ ತಾಯಿಬೇರನ್ನೇ ಕತ್ತರಿಸಿ, ಕಿತ್ತ ಪೊದೆಯನ್ನು ತಲೆಕೆಳಗಾಗಿ ಇಡಿ.

ಉಳಿದ ಕಾಲು ಪಾಲು ನಿಮ್ಮದು. ಲ್ಯಾಟಿನ್ ಅಮೆರಿಕ ಮತ್ತು ಪಶ್ಚಿಮ ಆಫ್ರಿಕದ 77 ಕಡೆ ತಾನಾಗಿ ಬೆಳೆದ ಕಾಡುಗಳ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಮಣ್ಣು ಹತ್ತು ವರ್ಷದೊಳಗೇ ಚೇತರಿಸಿಕೊಳ್ಳುತ್ತದೆ, ಮರಜಾತಿಗಳ ಸಂಖ್ಯೆ ಹಳೆಯ ಮಟ್ಟದ ಸಮೀಪಕ್ಕೆ ಬರಲು ಸುಮಾರು 60 ವರ್ಷ ಬೇಕು, ಹಳೆಯ ಕಾಡಿನಲ್ಲಿದ್ದ ಅವೇ ಜಾತಿಗಳು ಮರಳಲು 120 ವರ್ಷಕ್ಕೂ ಹೆಚ್ಚು ಎಂದು ಅದು ತೋರಿಸಿತು. ಈ ತಡಕ್ಕೆ ಬೀಜ ಒಯ್ಯುವವರ ಕೊರತೆಯೂ ಒಂದು ಕಾರಣ. ನೇರಳೆಯನ್ನು ಪಿಕಳಾರ, ಬಾವಲಿಗಳು ತಂದು ಹಾಕುತ್ತವೆ. ರಾಂಪತ್ರೆಗೆ ಮಂಗಟ್ಟೆಯಂಥ ದೊಡ್ಡ ಹಕ್ಕಿಯೇ ಬೇಕು. ಧೂಪದ (ಸಾಲುಧೂಪ) ಬೀಜವಂತೂ ಯಾವ ಹಕ್ಕಿಯ ಗಂಟಲಲ್ಲೂ ಇಳಿಯದೆ ತಾಯಿಮರದ ಕೆಳಗೇ ಬೀಳುತ್ತದೆ. ಹತ್ತಿರದಲ್ಲಿ ತಾಯಿಮರ ಇಲ್ಲದಿದ್ದರೆ ಬೀಜವನ್ನು ನೀವೇ ತರಬೇಕು.

ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾ, ಕಾಫಿ ತೋಟಗಳ ನಡುವೆ ಉಳಿದ ಮಳೆಕಾಡಿನ ತುಣುಕುಗಳಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನ ವಿಜ್ಞಾನಿಗಳು ಎರಡು ದಶಕಗಳಿಂದ ಕಳೆ ತೆಗೆದು, ಅಲ್ಲಿನದೇ ಜಾತಿಗಳನ್ನು ಬೆರೆಸಿ ನೆಡುತ್ತಿದ್ದಾರೆ. 2019ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ, 7ರಿಂದ 15 ವರ್ಷದ ಹಿಂದೆ ನೆಟ್ಟ ಜಾಗಗಳು ಸುಮ್ಮನೆ ಬಿಟ್ಟ ಜಾಗಗಳಿಗಿಂತ ಹಳೆಯ ಕಾಡಿಗೆ ಹೆಚ್ಚು ಹತ್ತಿರವಾಗಿದ್ದವು. ದೊಡ್ಡ ಕಾಡಿನಿಂದ ದೂರವಾದಷ್ಟೂ ನೆಟ್ಟದ್ದರ ಲಾಭ ಹೆಚ್ಚು.

ಆದರೆ ಸಾವಿರ ಗಿಡ ಬೇಡ. ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ ಸಂಶೋಧಕರು 50 ಮೀಟರ್ ಉದ್ದಗಲದ ತಾಕುಗಳಲ್ಲಿ ಕೆಲವಕ್ಕೆ 313 ಗಿಡ ಸಾಲಾಗಿ, ಕೆಲವಕ್ಕೆ ಬರೀ 86 ಗಿಡ ಗುಂಪುಗುಂಪಾಗಿ ನೆಟ್ಟರು. ದಶಕ ಕಳೆದಾಗ ಎರಡರಲ್ಲೂ ತಾನಾಗಿ ಹುಟ್ಟಿದ ಸಸಿಗಳು ಹೆಚ್ಚುಕಡಿಮೆ ಒಂದೇ ರೀತಿ ಇದ್ದವು. ಗುಂಪಿನ ಮರಗಳಲ್ಲಿ ಕೂತ ಹಕ್ಕಿಗಳೇ ಉಳಿದ ಜಾಗಕ್ಕೂ ಬಿತ್ತಿದ್ದವು. ಆ ಲೆಕ್ಕದಲ್ಲಿ ನಿಮ್ಮ ಎರಡು ಎಕರೆಗೆ ಮುನ್ನೂರು ಸಾಕು. ಮೊದಲು ಬಿಸಿಲು ತಡೆಯುವ ನೇರಳೆ, ಹೆಬ್ಬಲಸು, ಮುರುಗಲು. ನೆರಳು ಕೂಡಿದ ಮೇಲೆ ಧೂಪ, ಹಳ್ಳದ ಬದಿಗೆ ರಾಂಪತ್ರೆ. ಧೂಪದ ಬೀಜ ಒಣಗಿದರೆ ಹುಟ್ಟುವುದಿಲ್ಲ, ಹೆಕ್ಕಿ ತಂದ ದಿನವೇ ಮಣ್ಣು ತುಂಬಿದ ಸಸಿ ಚೀಲಕ್ಕೆ ಹಾಕಿ.

ಪ್ರಶ್ನೆ: ಬೆಟ್ಟದ ಅಂಚಿನಲ್ಲಿರುವ ಅಕೇಶಿಯಾ ಮರಗಳನ್ನು ಪೂರ್ತಿ ಕಡಿದುಬಿಡಬಹುದೇ?

ಉತ್ತರ: ಒಮ್ಮೆಲೇ ಬೇಡ. ಅದರ ನೆರಳಲ್ಲಿ ಸ್ಥಳೀಯ ಸಸಿಗಳು ಎದ್ದಿದ್ದರೆ ಅದು ಸದ್ಯಕ್ಕೆ ಚಪ್ಪರದ ಕೆಲಸ ಮಾಡುತ್ತಿದೆ. ಪೂರ್ತಿ ಕಡಿದು ಬಿಸಿಲು ಬಿಟ್ಟರೆ ಮಣ್ಣಲ್ಲಿರುವ ಅಕೇಶಿಯಾ ಬೀಜಗಳೇ ಮುತ್ತಿಕೊಂಡು ಏಳುತ್ತವೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಕೆಳಗಿನ ಸಸಿಗಳು ಆಳೆತ್ತರ ದಾಟಿದ ಕಡೆ ಒಂದೊಂದೇ ತೆಗೆಸಿ.