‘ಡ್ಯೂ ಟು’ ಆದ ಮೇಲೆ ಏನು ಬರಬೇಕು?
ಆಫೀಸಿನ ಮೇಲ್‌ನಲ್ಲಿ ‘ಐ ಆಮ್ ಲೇಟ್ ಡ್ಯೂ ಟು ಟ್ರೇನ್ ವಾಸ್ ಲೇಟ್’ ಅಂತ ಬರೆಯಬಹುದಾ ಅಂತ ಡೊಂಬಿವಲಿಯಿಂದ ಕೇಳಿದ್ದೀರಿ. ಬೇಡ, ಅದು ತಪ್ಪು. ಕಾರಣ ಹೇಳುವ ‘ಡ್ಯೂ ಟು’ ಆದ ಮೇಲೆ ಪೂರ್ತಿ ವಾಕ್ಯ ಬರಲ್ಲ, ನಾಮಪದ ಬರಬೇಕು. ‘ಡ್ಯೂ ಟು ಹೆವಿ ರೇನ್’, ‘ಡ್ಯೂ ಟು ಎ ಸಿಗ್ನಲ್ ಫೇಲ್ಯೂರ್’ ಅನ್ನಿ. ಪೂರ್ತಿ ವಾಕ್ಯವೇ ಬೇಕಾದರೆ ‘ಬಿಕಾಸ್ ದಿ ಟ್ರೇನ್ ವಾಸ್ ಲೇಟ್’. ಕನ್ನಡದಲ್ಲಿ ‘ಮಳೆಯಿಂದ’, ‘ಮಳೆ ಬಂದಿದ್ದರಿಂದ’ ಎರಡೂ ಒಂದೇ ಥರ ಮುಗಿಯುತ್ತವೆ. ಗೊಂದಲ ಆಗೋದು ಸಹಜ ಅಲ್ವಾ?

ವಾಕ್ಯದ ಶುರುವಿನಲ್ಲೇ ‘ಡ್ಯೂ ಟು’ ಹಾಕಿದರೆ ಹಳೇ ಕಾಲದ ಮೇಷ್ಟ್ರುಗಳು ಒಪ್ಪುತ್ತಿರಲಿಲ್ಲ. ಈಗ ನಡೆಯುತ್ತದೆ, ಅದಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಬರೀ ‘ಡ್ಯೂ’ ಬೇರೆ. ಸೊಸೈಟಿ ನೋಟಿಸಿನಲ್ಲಿ ‘ಮೆಂಟೆನೆನ್ಸ್ ಈಸ್ ಡ್ಯೂ ಆನ್ ದಿ ಟೆಂತ್’ ಅಂದರೆ ಹತ್ತನೇ ತಾರೀಖಿಗೆ ಕಟ್ಟಬೇಕು. ದಾಟಿದರೆ ‘ಓವರ್‌ಡ್ಯೂ’. ‘ದಿ ಲೋಕಲ್ ಈಸ್ ಡ್ಯೂ ಅಟ್ ನೈನ್’ ಅಂದರೆ ಒಂಬತ್ತಕ್ಕೆ ಬರಬೇಕಾದ ಗಾಡಿ. ಒಂದು ಎಚ್ಚರಿಕೆ: ‘ಡ್ಯೂ ಟು ಅರೈವ್’ ಅನ್ನುವಲ್ಲಿ ‘ಟು’ ಇದ್ದರೂ ಅದು ಕಾರಣ ಹೇಳಲ್ಲ. ಅಲ್ಲಿ ಮುಂದೆ ಕ್ರಿಯಾಪದ ಇದೆ, ‘ಬರಬೇಕಾಗಿದೆ’ ಅಂತಲೇ ಅರ್ಥ.

ನಿಮ್ಮ ಮೇಲ್‌ಗೆ ‘ಐ ವಿಲ್ ಬಿ ಲೇಟ್ ಡ್ಯೂ ಟು ಎ ಟ್ರೇನ್ ಡಿಲೇ’ ಸಾಕು.