ಮಾರುವ ಮನೆಗೆ 8 ಲಕ್ಷ ಸುರಿಯಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಮೈಸೂರಿನ ಕುವೆಂಪುನಗರದಲ್ಲಿ 30x40 ಸೈಟಿನಲ್ಲಿ ಅಪ್ಪ ಕಟ್ಟಿಸಿದ ಮನೆ, ಮೂವತ್ತು ವರ್ಷದ ಹತ್ತಿರ ಆಗಿದೆ. ಅಪ್ಪ ತೀರಿಕೊಂಡಿದ್ದಾರೆ, ಅಮ್ಮ ನಿಮ್ಮ ಜೊತೆ ಪುಣೆಗೆ ಬರ್ತಿದ್ದಾರೆ. 8 ಲಕ್ಷ ಹಾಕಿ ಮಾಡ್ಯುಲರ್ ಕಿಚನ್, ವಿಟ್ರಿಫೈಡ್ ಟೈಲ್ಸ್, ಫಾಲ್ಸ್ ಸೀಲಿಂಗ್ ಮಾಡಿಸಿದರೆ 15 ಲಕ್ಷ ಜಾಸ್ತಿ ಬರುತ್ತೆ ಅಂತ ಬ್ರೋಕರ್ ಹೇಳ್ತಿದ್ದಾರೆ. ಮಾಡಿಸಬೇಕಾ?

ಬೇಡ. ಹಳೇ ಮನೆಗಳ ರಿಪೇರಿ, ವಾಟರ್‌ಪ್ರೂಫಿಂಗ್ ಮಾಡಿಸೋದೇ ನನ್ನ ಕಸುಬು. ಆ 8 ಲಕ್ಷ ಹೋಗೋದು ನನ್ನಂಥವರಿಗೇ, ಆದರೂ ಬೇಡ ಅಂತಿದ್ದೀನಿ.

ನಿಮ್ಮಂಥ ಹಳೇ ಬಡಾವಣೆಯಲ್ಲಿ ಕೊಳ್ಳುವವರು ಮೊದಲು ಲೆಕ್ಕ ಹಾಕೋದು ಸೈಟಿಗೆ. ಚದರಡಿಗೆ ಇಷ್ಟು ಅಂತ 1200ಕ್ಕೆ ಗುಣಿಸ್ತಾರೆ, ಆಮೇಲೆ ಕಟ್ಟಡದ ವಯಸ್ಸು ನೋಡಿ ಮೇಲೊಂದಿಷ್ಟು ಸೇರಿಸ್ತಾರೆ. ಕೆಲವರಂತೂ ಕೆಡವಿ ಹೊಸದು ಕಟ್ಟುವ ಲೆಕ್ಕದಲ್ಲೇ ಬಂದಿರ್ತಾರೆ, ಅವರಿಗೆ ನಿಮ್ಮ ಫಾಲ್ಸ್ ಸೀಲಿಂಗ್ ತೆಗೆದುಹಾಕೋ ಖರ್ಚು ಅಷ್ಟೇ. ವಾಸಕ್ಕೇ ತಗೊಳ್ಳುವವರಿಗೂ ಅವರದೇ ರುಚಿ ಇರುತ್ತೆ. ನೀವು ಆರಿಸಿದ ಲ್ಯಾಮಿನೇಟ್ ಬಣ್ಣ ಆ ಮನೆಯ ಹೆಂಗಸರಿಗೆ ಹಿಡಿಸಲಿಲ್ಲ ಅಂದ್ರೆ ಹಾಕಿದ ದುಡ್ಡು ಅಲ್ಲಿಗೇ ಮುಗೀತು. ಹಾಗಾಗಿ ಬೆಲೆ ಏರಿಸುವ ಯೋಚನೆ ಬಿಟ್ಟು, ಚೌಕಾಸಿಗೆ ಕೂತಾಗ ಬೆಲೆ ಇಳಿಸೋಕೆ ಅವರಿಗೆ ನೆಪ ಸಿಗದ ಹಾಗೆ ನೋಡಿಕೊಳ್ಳಿ. ನೆಪ ಸಿಗೋದು ಎರಡು ಕಡೆ: ತೇವ ಹಿಡಿದ ಗೋಡೆಯಲ್ಲಿ, ಕಾಗದಪತ್ರದಲ್ಲಿ.

ಮನೆ ನೋಡೋಕೆ ಬರುವ ಗಂಡ ಹೆಂಡತಿ ಜೊತೆ ಒಬ್ಬ ಮಾವನೋ ಚಿಕ್ಕಪ್ಪನೋ ಬಂದೇ ಬರ್ತಾರೆ. ಆ ಯಜಮಾನರು ಹಾಲ್‌ನಲ್ಲಿ ಕೂತು ಕಾಫಿ ಕುಡಿಯೋರಲ್ಲ. ಸೀದಾ ಬಾತ್‌ರೂಮಿನ ಹಿಂದಿನ ಗೋಡೆ ಹತ್ತಿರ ಹೋಗಿ, ನೆಲದಿಂದ ಒಂದೆರಡು ಅಡಿ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ನೋಡ್ತಾರೆ. ಪ್ಲಾಸ್ಟರ್ ಇಟ್ಟಿಗೆ ಬಿಟ್ಟಿದ್ದರೆ ಟೊಳ್ಳು ಸದ್ದು ಬರುತ್ತೆ. ಬಣ್ಣ ಉಬ್ಬಿದ ಕಡೆ ಉಗುರು ತಾಗಿಸಿದರೆ ಬಿಳಿ ಉಪ್ಪಿನ ಪುಡಿ ಉದುರುತ್ತೆ. ಅವರು ಬಾಯಿಬಿಟ್ಟು ಏನೂ ಹೇಳಲ್ಲ, ಅಳಿಯನ ಮುಖ ನೋಡ್ತಾರೆ. ಅಲ್ಲಿಂದ ಮುಂದೆ ನಲವತ್ತು ಸಾವಿರದ ರಿಪೇರಿಗೆ ನಾಲ್ಕು ಲಕ್ಷ ಕಮ್ಮಿ ಕೇಳ್ತಾರೆ, ನಿಮ್ಮ ಹತ್ತಿರ ಉತ್ತರ ಇರಲ್ಲ.

ಅದಕ್ಕೇ, ಮೊದಲು ನೀರು ಎಲ್ಲಿಂದ ಬರ್ತಿದೆ ಅಂತ ಹಿಡೀಬೇಕು. ತಾರಸಿಯಲ್ಲಿ ಮಳೆನೀರು ಹೋಗುವ ಪೈಪಿನ ಬಾಯಿಗಳನ್ನು ಬಟ್ಟೆ ತುರುಕಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, ಎರಡು ದಿನ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ. ನೀರು ಇಳಿಯುವ ಜಾಗ ಸಾಮಾನ್ಯವಾಗಿ ತಾರಸಿಯ ನಡುವೆ ಇರಲ್ಲ. ಪ್ಯಾರಾಪೆಟ್ ಗೋಡೆ ಬಂದು ಕೂರುವ ಮೂಲೆ, ಪೈಪು ತೂರಿಸಿದ ತೂತು, ಸೋಲಾರ್ ವಾಟರ್ ಹೀಟರ್‌ನ ಸ್ಟ್ಯಾಂಡಿಗೆ ಬೋಲ್ಟ್ ಹೊಡೆದ ಜಾಗ, ಇಲ್ಲೆಲ್ಲ ಹುಡುಕಿ. ಮೈಸೂರಿನ ಮನೆಗಳಲ್ಲಿ ಆ ಸ್ಟ್ಯಾಂಡಿನ ಕಾಲಿನ ಬುಡವನ್ನು ಯಾರೂ ನೋಡೋದೇ ಇಲ್ಲ.

ಸೋರಿಕೆ ನಿಂತ ಮೇಲೆ ಟೊಳ್ಳಾದ ಪ್ಲಾಸ್ಟರ್ ಕೆತ್ತಿಸಿ ಹೊಸದಾಗಿ ಮಾಡಿಸಿ. ಪೂರ್ತಿ ಒಣಗೋವರೆಗೆ ಪುಟ್ಟಿ, ಪೇಂಟ್ ಮುಟ್ಟಬೇಡಿ. ಹಸಿ ಗೋಡೆಗೆ ಬಣ್ಣ ಹೊಡೆಸಿದರೆ ಸ್ವಲ್ಪ ದಿನಕ್ಕೇ ಮತ್ತೆ ಉಬ್ಬಿ ಏಳುತ್ತೆ, ಅದೂ ಕೊಳ್ಳುವವರು ಎರಡನೇ ಸಲ ನೋಡೋಕೆ ಬರೋ ಹೊತ್ತಿಗೆ. ಬಣ್ಣ ಹೊಡೆಸುವಾಗ ಇಡೀ ಕೋಣೆಗೆ ಹೊಡೆಸಿ. ಒಂದೇ ಗೋಡೆ ಹೊಸದಾಗಿದ್ದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತೆ. ಕೆಲಸ ನಡೆದಾಗಿನ ಫೋಟೋ, ಬಿಲ್ಲು ಇಟ್ಟುಕೊಂಡು, ಬಂದವರಿಗೆ ನೀವೇ ತೋರಿಸಿ. "ಇಲ್ಲಿ ಸೋರ್ತಿತ್ತು, ಹೀಗೆ ಸರಿ ಮಾಡಿಸಿದ್ವಿ" ಅಂತ ಮೊದಲೇ ಹೇಳಿದರೆ ಆ ಯಜಮಾನರಿಗೆ ಹುಡುಕೋಕೆ ಏನೂ ಉಳಿಯಲ್ಲ.

ಮಿಕ್ಕಿದ್ದು ಚಿಲ್ಲರೆ ಕೆಲಸ. ಮೊಸಾಯಿಕ್ ನೆಲ ಇದ್ದರೆ ಮೇಲೆ ಟೈಲ್ಸ್ ಹಾಕಿಸದೆ ಪಾಲಿಶ್ ಮಾಡಿಸಿ. ತೊಟ್ಟಿಕ್ಕುವ ನಲ್ಲಿ, ಒಡೆದ ಸ್ವಿಚ್ಚು, ಕಿರುಗುಟ್ಟುವ ಗೇಟು ಸರಿ ಮಾಡಿಸಿ. ಸಂಪು, ಮೇಲಿನ ಟ್ಯಾಂಕು ತೊಳೆಸಿ. ವಾಸ್ತು ಸರಿ ಮಾಡಿಸ್ತೀನಿ ಅಂತ ಗೋಡೆ ಒಡೆಸೋಕೆ ಮಾತ್ರ ಹೋಗಬೇಡಿ. ನಿಮ್ಮ ಜೋಯಿಸರು ಒಪ್ಪಿದ್ದನ್ನು ಅವರ ಜೋಯಿಸರು ಒಪ್ಪಲ್ಲ.

ಅಮ್ಮ ಪುಣೆಗೆ ಹೊರಟ ಮೇಲೆ ಮನೆಗೆ ಬೀಗ ಬೀಳುತ್ತೆ, ಅದು ನನಗೆ ಹೆಚ್ಚು ಚಿಂತೆಯ ವಿಷಯ. ಬಾತ್‌ರೂಮಿನ ಜಾಲರಿ ಕೆಳಗಿನ ಟ್ರ್ಯಾಪ್‌ನಲ್ಲಿ ಸ್ವಲ್ಪ ನೀರು ಸದಾ ನಿಂತಿರುತ್ತೆ, ಚರಂಡಿ ವಾಸನೆ ಮೇಲೆ ಬಾರದಂತೆ ತಡೆಯೋದು ಆ ನೀರೇ. ಬಳಸದೆ ಬಿಟ್ಟರೆ ಅದು ಆರಿಹೋಗಿ, ಬಾಗಿಲು ತೆಗೆದ ಕೂಡಲೇ ಗಬ್ಬು ವಾಸನೆ ಹೊಡೆಯುತ್ತೆ, ಜಿರಲೆಗಳೂ ಅದೇ ದಾರಿಯಲ್ಲಿ ಬರ್ತವೆ. ಬಂದವರು ಮನೆಯೇ ಹಾಳಾಗಿದೆ ಅಂದುಕೊಳ್ತಾರೆ. ಪಕ್ಕದ ಮನೆಯವರ ಹತ್ತಿರ ಒಂದು ಬೀಗದ ಕೈ ಕೊಟ್ಟು, ವಾರಕ್ಕೊಮ್ಮೆ ಪ್ರತಿ ಟ್ರ್ಯಾಪಿಗೂ ಒಂದು ಚೊಂಬು ನೀರು ಹಾಕಿ, ಕಿಟಕಿ ತೆರೆದಿಟ್ಟು, ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿದೆಯಾ ನೋಡೋಕೆ ಹೇಳಿ.

ಇನ್ನು ಕಾಗದ. ಪೇಂಟರ್‌ನ ಕರೆಯುವ ಮೊದಲೇ ಇದನ್ನು ಶುರು ಮಾಡಿ, ಯಾಕಂದ್ರೆ ಇದಕ್ಕೇ ಹೆಚ್ಚು ದಿನ ಹಿಡಿಯೋದು. ಅಪ್ಪನ ಸ್ವಂತ ದುಡ್ಡಿನ ಮನೆಯಾಗಿದ್ದು, ಉಯಿಲು ಬರೆದಿಲ್ಲ ಅಂದ್ರೆ, ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅಪ್ಪ ತೀರಿಕೊಂಡಾಗ ಅಪ್ಪನ ತಾಯಿ, ಅಂದರೆ ನಿಮ್ಮ ಅಜ್ಜಿ, ಬದುಕಿದ್ದರೆ ಅವರಿಗೂ ಒಂದು ಪಾಲು. ಅಜ್ಜಿಯ ಪಾಲನ್ನು ಬಹಳ ಜನ ಮರೀತಾರೆ, ಕೊಳ್ಳುವವರ ವಕೀಲರು ಮರೆಯಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಮಾಡಿಸಿ ಖಾತೆಯನ್ನು ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಿ. 2024ರ ಅಕ್ಟೋಬರ್‌ನಿಂದ ನಗರದ ಆಸ್ತಿ ನೋಂದಣಿಗೆ ಇ-ಖಾತಾ, ಅಂದರೆ ಖಾತೆಯ ಡಿಜಿಟಲ್ ಪ್ರತಿ, ಕಡ್ಡಾಯ, ಅದಿಲ್ಲದೆ ಕ್ರಯಪತ್ರ ಆಗಲ್ಲ. ಅಕ್ಕನೋ ತಮ್ಮನೋ ಹೊರದೇಶದಲ್ಲಿದ್ದರೆ ಅವರ ಸಹಿಗೆ ಏನು ವ್ಯವಸ್ಥೆ ಅಂತ ಈಗಲೇ ಯೋಚಿಸಿ. ಗಿರಾಕಿ ಅಡ್ವಾನ್ಸ್ ಹಿಡಿದು ನಿಂತಾಗ ದೂತಾವಾಸಕ್ಕೆ ಅಲೆಯೋದು ಬೇಡ.

ಋಣಭಾರ ಪತ್ರ, ಜನ ಇಸಿ ಅನ್ನೋದು, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಅರ್ಜಿ ಹಾಕಿ ತಗೋಬಹುದು. ತಗೊಂಡು ಸುಮ್ಮನೆ ಫೈಲಿಗೆ ಹಾಕಬೇಡಿ, ಓದಿ. ಅಪ್ಪ ಮನೆ ಸಾಲ ತೀರಿಸಿ ವರ್ಷಗಳಾಗಿದ್ದರೂ ಅಡಮಾನ ಅದರಲ್ಲಿ ಹಾಗೇ ಕೂತಿರಬಹುದು. ಸಾಲ ತೀರಿದಾಗ ಬ್ಯಾಂಕಿನವರು ಪತ್ರ ವಾಪಸ್ ಕೊಟ್ಟಿರ್ತಾರೆ, ಬಿಡುಗಡೆ ಪತ್ರ ನೋಂದಣಿ ಮಾಡಿಸೋದು ಮನೆಯವರಿಗೂ ಹೊಳೆದಿರಲ್ಲ. ಅದನ್ನು ಈಗ ಮಾಡಿಸಿ. ಮಂಜೂರಾದ ನಕ್ಷೆಯೂ ಬೇಕು. ಆಮೇಲೆ ಕಟ್ಟಿದ ಮೇಲಿನ ರೂಮು ನಕ್ಷೆಯಲ್ಲಿ ಇಲ್ಲದಿದ್ದರೆ ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕಿನಿಂದ ಬೆಲೆ ಕಟ್ಟೋಕೆ ಬರುವ ವ್ಯಾಲ್ಯುಯರ್ ಅದನ್ನು ಲೆಕ್ಕಕ್ಕೆ ಹಿಡಿಯದೇ ಹೋಗಬಹುದು. ಆಗ ಸಾಲ ಕಮ್ಮಿಯಾಗಿ, ಒಪ್ಪಿದ ಗಿರಾಕಿಯೇ ಮತ್ತೆ ಚೌಕಾಸಿಗೆ ಬರ್ತಾರೆ. ಕಂದಾಯ, ನೀರಿನ ಬಿಲ್ಲು, ಸೆಸ್ಕ್‌ನ ಕರೆಂಟ್ ಬಿಲ್ಲು ಬಾಕಿ ಇಲ್ಲದಂತೆ ಕಟ್ಟಿ ರಸೀದಿ ಜೋಡಿಸಿಡಿ.

ಸಮಯದ ವಿಚಾರ: ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಅಡ್ವಾನ್ಸ್ ಕೊಡೋರು ಕಮ್ಮಿ. ಆಗ ಬರುವವರು "ಯಾರೂ ಬರ್ತಿಲ್ಲ ಅಲ್ವಾ" ಅಂತ ಇಳಿಸಿ ಕೇಳ್ತಾರೆ, ಕೊಡಬೇಡಿ. ಮಳೆಗಾಲದಲ್ಲಿ ಕಾಗದ ಮುಗಿಸಿಕೊಂಡು, ಮಳೆ ನಿಂತ ಮೇಲೆ ಗೋಡೆ ಒಣಗಿಸಿ, ಬಣ್ಣ ಹೊಡೆಸಿ, ಸಂಕ್ರಾಂತಿ ಕಳೆದ ಮೇಲೆ ತೋರಿಸೋಕೆ ಶುರು ಮಾಡಿ.

ಬ್ರೋಕರ್ ಇರಲಿ, ಗಿರಾಕಿ ತರೋಕೆ ಅವರು ಬೇಕು. ಆದರೆ ಮೂಲಪತ್ರ ಅವರ ಕೈಗೆ ಕೊಡಬೇಡಿ, ಜೆರಾಕ್ಸ್ ಸಾಕು. ಅಡ್ವಾನ್ಸ್ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ. 1 ತೆರಿಗೆ (ಟಿಡಿಎಸ್) ಹಿಡಿದೇ ಕೊಡ್ತಾರೆ, ದುಡ್ಡು ಕಮ್ಮಿ ಬಂತು ಅಂತ ಗಾಬರಿ ಆಗಬೇಡಿ. ವಾರಸುದಾರರಲ್ಲಿ ಯಾರಾದರೂ ಅನಿವಾಸಿ ಆಗಿದ್ದರೆ ಅವರ ಪಾಲಿನ ತೆರಿಗೆ ನಿಯಮ ಬೇರೆ, ಅದನ್ನು ಕರಾರು ಪತ್ರ ಬರೆಯುವ ಮೊದಲೇ ಆಡಿಟರ್ ಹತ್ತಿರ ಕೇಳಿಕೊಳ್ಳಿ.